ಇಷ್ಟಸ್ಥಿತಿ ಮತ್ತು ವಾಸ್ತವಸ್ಥಿತಿ: ಕಂಟೈನರ್ ಸೇವೆಗಳ ನಿರ್ವಹಣೆಯಲ್ಲಿ ಒಂದು ತತ್ತ್ವ

೧. ಪೀಠಿಕೆ

ಗಣಕಯಂತ್ರಗಳ ಮೂಲಕ ಸಾರ್ವಜನಿಕರಿಗೆ ಒದಗುವ ದೊಡ್ಡ ಸೇವೆಗಳು ಇಂದು ಒಂದೇ ಯಂತ್ರವನ್ನು ನಂಬಿಕೊಂಡು ನಡೆಯುವುದು ವಿರಳ. ವಿಶ್ವವಿದ್ಯಾನಿಲಯವೊಂದರ ಪರೀಕ್ಷಾ ಫಲಿತಾಂಶವನ್ನು ಪ್ರಕಟಿಸುವ ಸೇವೆಯನ್ನು ಉದಾಹರಣೆಯಾಗಿ ಭಾವಿಸೋಣ. ವರ್ಷದ ಬಹುಭಾಗ ಅದನ್ನು ಕೇಳುವವರೇ ಇಲ್ಲ. ಫಲಿತಾಂಶದ ದಿನ ಮಾತ್ರ ಸಾವಿರಾರು ವಿದ್ಯಾರ್ಥಿಗಳು ಏಕಕಾಲದಲ್ಲಿ ಅದರ ಬಾಗಿಲು ತಟ್ಟುತ್ತಾರೆ. ಆ ಹೊತ್ತಿನಲ್ಲಿ ಒಂದು ಯಂತ್ರ ಕೆಟ್ಟಿತೆಂದು ಸೇವೆ ನಿಲ್ಲಕೂಡದು. ಬೇಡಿಕೆ ಇಳಿದ ಮೇಲೆ ಯಂತ್ರಗಳು ವೃಥಾ ಕುಳಿತಿರಲೂ ಕೂಡದು. ಇದಕ್ಕಾಗಿ ಅನೇಕ ಯಂತ್ರಗಳನ್ನು ಒಂದುಗೂಡಿಸಿ, ಅವುಗಳೆಲ್ಲ ಸೇರಿ ಒಂದೇ ಯಂತ್ರವೋ ಎಂಬಂತೆ ಕೆಲಸ ಮಾಡಿಸುವ ಏರ್ಪಾಟಿಗೆ ಕ್ಲಸ್ಟರ್ ಎಂದು ಹೆಸರು. ಯಂತ್ರಗಳನ್ನು ಸ್ವಂತಕ್ಕೆ ಕೊಳ್ಳದೆ ದೂರದ ದತ್ತಾಂಶ ಕೇಂದ್ರಗಳಿಂದ ಬಾಡಿಗೆಗೆ ಪಡೆದರೆ ಅದು ಕ್ಲೌಡ್ ಕ್ಲಸ್ಟರ್ ಎನಿಸಿಕೊಳ್ಳುತ್ತದೆ.

ಇದನ್ನು ನಡೆಸುವ ವಿದ್ಯೆಯನ್ನು ಆಜ್ಞೆಗಳ ಪಟ್ಟಿಯಾಗಿ ಕಲಿಯುವುದು ಸುಲಭ. ಆದರೆ ಆಜ್ಞೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಅವುಗಳ ಹಿಂದಿರುವ ತತ್ತ್ವ ಅಷ್ಟು ಬೇಗ ಬದಲಾಗುವುದಿಲ್ಲ. ಆ ತತ್ತ್ವ ಯಾವುದು, ಅದರ ಬಲವೆಷ್ಟು, ಅದು ನಿರ್ವಾಹಕನ ಮೇಲೆ ಹೊರಿಸುವ ಹೊಣೆ ಎಂಥದು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೨. ಕಂಟೈನರ್ ಎಂದರೇನು?

ಒಂದು ಕಾರ್ಯಕ್ರಮವನ್ನು ಅದಕ್ಕೆ ಬೇಕಾದ ಸಮಸ್ತ ಉಪಕರಣಗಳೊಡನೆ ಒಂದು ಕಟ್ಟಾಗಿ ಕಟ್ಟಿ, ಉಳಿದ ಕಾರ್ಯಕ್ರಮಗಳಿಂದ ಬೇರ್ಪಡಿಸಿ ನಡೆಸುವ ವಿಧಾನವೇ ಕಂಟೈನರ್. ಇದರ ಬೀಜ ಹಳೆಯದು. ೧೯೭೯ರಲ್ಲಿ ಯೂನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯ ಕಾಲಕ್ಕೆ ಬಂದ ಚ್‌ರೂಟ್ ಎಂಬ ಸೌಕರ್ಯ, ಕಾರ್ಯಕ್ರಮಕ್ಕೆ ಕಡತಗಳ ಒಂದು ಭಾಗವನ್ನಷ್ಟೇ ಕಾಣಿಸಿ ಉಳಿದುದನ್ನು ಮರೆಮಾಡುತ್ತಿತ್ತು. ೨೦೦೦ದಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಯ ಜೈಲ್ ಈ ಬೇರ್ಪಡಿಕೆಯನ್ನು ಬಿಗಿಗೊಳಿಸಿತು. ಕಾರ್ಯಕ್ರಮಗಳ ಗುಂಪೊಂದು ಎಷ್ಟು ಸ್ಮೃತಿಯನ್ನು, ಎಷ್ಟು ಸಂಸ್ಕಾರಕ ಸಮಯವನ್ನು ಬಳಸಬಹುದೆಂಬ ಮಿತಿಯನ್ನು ವಿಧಿಸುವ ಸಿಗ್ರೂಪ್ ಎಂಬ ಅಂಗ ೨೦೦೮ರಲ್ಲಿ ಲಿನಕ್ಸ್ ಕೆರ್ನೆಲ್‌ನೊಳಗೆ ಸೇರಿತು. ಈ ಬಿಡಿ ಸೌಕರ್ಯಗಳನ್ನು ಸಾಮಾನ್ಯ ಅಭ್ಯಾಸಿಯ ಕೈಗೆಟುಕುವ ಸಾಧನವನ್ನಾಗಿ ಮಾಡಿದುದು ೨೦೧೩ರಲ್ಲಿ ಬಂದ ಡಾಕರ್.

ಇಲ್ಲಿ ಒಂದು ಭ್ರಾಂತಿಯನ್ನು ಮೊದಲೇ ನಿವಾರಿಸಿಕೊಳ್ಳಬೇಕು. ಕಂಟೈನರ್ ಎಂಬುದು ಯಂತ್ರದೊಳಗೆ ಕಲ್ಪಿತವಾದ ಇನ್ನೊಂದು ಯಂತ್ರವಲ್ಲ. ಲಿನಕ್ಸ್ ಯಂತ್ರವೊಂದರಲ್ಲಿರುವ ಕಂಟೈನರ್‌ಗಳೆಲ್ಲವೂ ಸಾಮಾನ್ಯವಾಗಿ ಅದರ ಒಂದೇ ಕೆರ್ನೆಲನ್ನು ಹಂಚಿಕೊಂಡಿರುತ್ತವೆ. ಒಂದೇ ಅಡಿಪಾಯದ ಮೇಲೆ ಕಟ್ಟಿದ ವಠಾರದ ಮನೆಗಳಂತೆ, ಗೋಡೆಗಳು ಬೇರೆಯಾದರೂ ನೆಲ ಒಂದೇ. ಆದುದರಿಂದಲೇ ಅವು ಅತಿ ಶೀಘ್ರವಾಗಿ ಹುಟ್ಟಬಲ್ಲವು, ಅಷ್ಟೇ ಸುಲಭವಾಗಿ ಅಳಿಯಬಲ್ಲವು. ಹೀಗೆ ಹುಟ್ಟಿ ಅಳಿಯುವ ನೂರಾರು ಕಂಟೈನರ್‌ಗಳ ಯೋಗಕ್ಷೇಮವನ್ನು ಯಾರು ನೋಡಿಕೊಳ್ಳಬೇಕು?

೩. ಕರ್ಣಧಾರನ ತತ್ತ್ವ

ಈ ಪ್ರಶ್ನೆಗೆ ಇಂದು ಬಹು ಪ್ರಚಲಿತವಾದ ಉತ್ತರ ಕುಬರ್ನೆಟೀಸ್. ಗೂಗಲ್ ಸಂಸ್ಥೆ ತನ್ನ ಒಳಬಳಕೆಗೆ ನಿರ್ಮಿಸಿಕೊಂಡಿದ್ದ ಬೋರ್ಗ್ ಎಂಬ ವ್ಯವಸ್ಥೆಯ ಅನುಭವದಿಂದ ರೂಪುಗೊಂಡ ಇದು ೨೦೧೪ರಲ್ಲಿ ಎಲ್ಲರಿಗೂ ಮುಕ್ತವಾಯಿತು. ೨೦೧೫ರ ಜುಲೈಯಲ್ಲಿ ಇದರ ಪ್ರಥಮ ಪೂರ್ಣ ಆವೃತ್ತಿ ಹೊರಬಂದಿತು. ಕುಬರ್ನೆಟೀಸ್ ಎಂಬ ಗ್ರೀಕ್ ಪದಕ್ಕೆ ಹಡಗಿನ ಚುಕ್ಕಾಣಿ ಹಿಡಿಯುವವನು, ಅರ್ಥಾತ್ ಕರ್ಣಧಾರ, ಎಂದು ಅರ್ಥ. ಇದೇ ಪದ ಲ್ಯಾಟಿನ್ನಿನ ಮೂಲಕ ಹಾದು ಇಂಗ್ಲಿಷಿನ ಗವರ್ನರ್ ಆಯಿತು. ಜೇಮ್ಸ್ ವಾಟನು ೧೭೮೮ರಲ್ಲಿ ತನ್ನ ಉಗಿಯಂತ್ರಕ್ಕೆ ಅಳವಡಿಸಿದ ವೇಗನಿಯಂತ್ರಕಕ್ಕೂ ಗವರ್ನರ್ ಎಂದೇ ಹೆಸರು. ಮ್ಯಾಕ್ಸ್‌ವೆಲ್ಲನು ೧೮೬೮ರಲ್ಲಿ ಅಂಥ ನಿಯಂತ್ರಕಗಳ ಗಣಿತವನ್ನು ವಿವೇಚಿಸಿದನು. ೧೯೪೮ರಲ್ಲಿ ನಾರ್ಬರ್ಟ್ ವೀನರನು ಅದೇ ಗ್ರೀಕ್ ಮೂಲದಿಂದ ಸೈಬರ್ನೆಟಿಕ್ಸ್ ಎಂಬ ಶಾಸ್ತ್ರನಾಮವನ್ನು ರಚಿಸಿದನು. ಹೆಸರುಗಳ ಈ ಬಾಂಧವ್ಯ ಆಕಸ್ಮಿಕವಲ್ಲ. ಇವೆಲ್ಲದರಲ್ಲಿಯೂ ಇರುವುದು ಒಂದೇ ಭಾವನೆ.

ವಾಟನ ಯಂತ್ರದಲ್ಲಿ ವೇಗ ಹೆಚ್ಚಿದರೆ ತಿರುಗುವ ಗುಂಡುಗಳು ಹೊರಕ್ಕೆ ಚಿಮ್ಮಿ ಉಗಿಯ ಬಾಗಿಲನ್ನು ಕಿರಿದುಗೊಳಿಸುತ್ತವೆ. ವೇಗ ಕುಗ್ಗಿದರೆ ಬಾಗಿಲು ಅಗಲವಾಗುತ್ತದೆ. ಎಷ್ಟು ಉಗಿ ಬಿಡಬೇಕೆಂದು ಯಾರೂ ಕ್ಷಣಕ್ಷಣಕ್ಕೂ ಹೇಳುವುದಿಲ್ಲ. ವೇಗ ಎಷ್ಟಿರಬೇಕೆಂಬುದನ್ನು ಮಾತ್ರ ಮೊದಲೇ ನಿಶ್ಚಯಿಸಿರುತ್ತದೆ. ಕುಬರ್ನೆಟೀಸಿನಲ್ಲಿಯೂ ನಿರ್ವಾಹಕನು, ‘ಇಂಥ ಯಂತ್ರದಲ್ಲಿ ಇಂಥ ಕಂಟೈನರನ್ನು ಹೊರಡಿಸು’ ಎಂದು ಆಜ್ಞಾಪಿಸುವುದಿಲ್ಲ. ‘ಈ ಸೇವೆಯ ಎಂಟು ಪ್ರತಿಗಳು ಇರತಕ್ಕದ್ದು’ ಎಂದು ಯಾಮಲ್ ಎಂಬ ಬರಹಕ್ರಮದಲ್ಲಿ ಒಂದು ಕಡತವನ್ನು ಬರೆದು ಒಪ್ಪಿಸುತ್ತಾನೆ. ಇದನ್ನು ನಾವು ಇಷ್ಟಸ್ಥಿತಿ ಎಂದು ಕರೆಯೋಣ. ಅದು ಎಟ್‌ಸಿಡಿ ಎಂಬ ದಾಖಲೆಭಂಡಾರದಲ್ಲಿ ಉಳಿಯುತ್ತದೆ. ನಿಯಂತ್ರಕಗಳೆಂಬ ಕಾರ್ಯಕ್ರಮಗಳು ಯಂತ್ರಗಳಲ್ಲಿ ನಿಜವಾಗಿ ಇರುವುದನ್ನು, ಅಂದರೆ ವಾಸ್ತವಸ್ಥಿತಿಯನ್ನು, ನೋಡುತ್ತವೆ, ಎರಡಕ್ಕೂ ಇರುವ ಅಂತರವನ್ನು ಕಂಡುಕೊಳ್ಳುತ್ತವೆ, ಅಂತರವನ್ನು ಕಡಮೆಮಾಡುವ ಕ್ರಮ ಕೈಕೊಳ್ಳುತ್ತವೆ, ಮತ್ತೆ ನೋಡುತ್ತವೆ. ಈ ಚಕ್ರಕ್ಕೆ ಕೊನೆಯಿಲ್ಲ.

ಹೊಸ ವಿದ್ಯಾರ್ಥಿಯು ಒಂದು ಪಾಡನ್ನು (ಕುಬರ್ನೆಟೀಸಿನಲ್ಲಿ ಕಂಟೈನರುಗಳನ್ನು ಇರಿಸುವ ಅತಿ ಸಣ್ಣ ಘಟಕಕ್ಕೆ ಪಾಡ್ ಎಂದು ಹೆಸರು) ಅಳಿಸಿ, ಮರುಕ್ಷಣವೇ ಇನ್ನೊಂದು ಹುಟ್ಟಿರುವುದನ್ನು ಕಂಡು ವಿಸ್ಮಯಪಡುತ್ತಾನೆ. ಅವನು ಬದಲಾಯಿಸಿದುದು ವಾಸ್ತವವನ್ನು. ಇಷ್ಟಸ್ಥಿತಿ ಹಾಗೆಯೇ ಇದ್ದುದರಿಂದ ಕರ್ಣಧಾರನು ನೌಕೆಯನ್ನು ಪುನಃ ಹಳೆಯ ದಿಕ್ಕಿಗೆ ತಿರುಗಿಸಿದನು. ಇಡೀ ಯಂತ್ರವೇ ಕೆಟ್ಟಾಗಲೂ ಹೀಗೆಯೇ. ಆದರೆ ಅಲ್ಲಿ ಯಂತ್ರ ಸತ್ತಿದೆಯೋ, ಸಂಪರ್ಕವಷ್ಟೇ ಕಡಿದಿದೆಯೋ ತಿಳಿಯದ ಕಾರಣ, ಸಾಮಾನ್ಯ ಏರ್ಪಾಟಿನಲ್ಲಿ ವ್ಯವಸ್ಥೆ ಸುಮಾರು ೫ ನಿಮಿಷ ಕಾಯ್ದ ಮೇಲೆಯೇ ಅದರ ಪಾಡುಗಳನ್ನು ಬೇರೆಡೆಗೆ ಸಾಗಿಸುತ್ತದೆ. ಆ ೫ ನಿಮಿಷವನ್ನು ಉಳಿದ ಪ್ರತಿಗಳು ತಾಳಿಕೊಳ್ಳುವಂತೆ ಸಂಖ್ಯೆಯನ್ನು ನಿರ್ಧರಿಸುವುದು ಮನುಷ್ಯನ ಕೆಲಸ.

ಇಷ್ಟಸ್ಥಿತಿಯ ದಾಖಲೆ ಕಳೆದರೆ ಎಲ್ಲವೂ ಕಳೆದಂತೆ. ಆದಕಾರಣ ಎಟ್‌ಸಿಡಿಯನ್ನು ಹಲವು ಯಂತ್ರಗಳಲ್ಲಿ ನಡೆಸಿ ಬಹುಮತದಿಂದ ತೀರ್ಮಾನವಾಗುವಂತೆ ಮಾಡಿದೆ. ಸದಸ್ಯಯಂತ್ರಗಳು ೩ ಇದ್ದರೆ ೧ರ, ೫ ಇದ್ದರೆ ೨ರ ನಷ್ಟವನ್ನು ಸಹಿಸಬಹುದು. ೪ ಇಟ್ಟುಕೊಂಡರೆ ಬಹುಮತಕ್ಕೆ ೩ ಬೇಕಾಗುವುದರಿಂದ ಸಹನೆ ಒಂದಕ್ಕೇ ನಿಲ್ಲುತ್ತದೆ. ಬೆಸಸಂಖ್ಯೆಯನ್ನು ಆರಿಸುವುದರ ಮರ್ಮ ಇದೇ.

೪. ಬರವಣಿಗೆಯಲ್ಲಿ ಗಮನಿಸತಕ್ಕ ಅಂಶಗಳು

ಫಲಿತಾಂಶ ಸೇವೆಯ ಕಡತದಲ್ಲಿ ಪ್ರತಿಗಳ ಸಂಖ್ಯೆಯೊಂದೇ ಸಾಲದು. ಮೊದಲನೆಯದಾಗಿ, ಪ್ರತಿಯೊಂದು ಕಂಟೈನರಿಗೂ ಬೇಡಿಕೆ ಮತ್ತು ಮಿತಿ ಎಂಬ ಎರಡು ಪ್ರಮಾಣಗಳನ್ನು ನಮೂದಿಸುವುದು ಯುಕ್ತ. ಯಾವ ಯಂತ್ರದಲ್ಲಿ ಸ್ಥಳವಿದೆಯೆಂದು ನಿಶ್ಚಯಿಸಲು ಬೇಡಿಕೆ ಆಧಾರ. ಮಿತಿ ಮೀರದಂತೆ ಕಾಯುವುದು ಕೆರ್ನೆಲ್. ಇಲ್ಲಿ ಸಂಸ್ಕಾರಕಕ್ಕೂ ಸ್ಮೃತಿಗೂ ಭೇದವುಂಟು. ಸಂಸ್ಕಾರಕದ ಮಿತಿಯನ್ನು ಮುಟ್ಟಿದ ಕಾರ್ಯಕ್ರಮ ನಿಧಾನವಾಗುತ್ತದೆ. ಸ್ಮೃತಿಯ ಮಿತಿಯನ್ನು ಮೀರಿದ ಕಾರ್ಯಕ್ರಮ ಕೊಲ್ಲಲ್ಪಡುತ್ತದೆ. ಕಾಲವನ್ನು ಮುಂದೂಡಬಹುದು, ಸ್ಥಳವನ್ನು ಮುಂದೂಡಲಾಗದು.

ಎರಡನೆಯದು ಆರೋಗ್ಯಪರೀಕ್ಷೆ. ‘ಬದುಕಿದೆಯೇ?’ ಎಂಬುದು ಒಂದು ಪ್ರಶ್ನೆ, ‘ಕೆಲಸಕ್ಕೆ ಸಿದ್ಧವಿದೆಯೇ?’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪಿದ ಕಂಟೈನರನ್ನು ನಿಲ್ಲಿಸಿ ಹೊಸದಾಗಿ ಹೊರಡಿಸಲಾಗುತ್ತದೆ; ಎರಡನೆಯದರಲ್ಲಿ ತಪ್ಪಿದುದಕ್ಕೆ ಕೇವಲ ಹೊಸ ಕೋರಿಕೆಗಳನ್ನು ಕಳುಹಿಸುವುದಿಲ್ಲ. ಬೇರೇನೂ ಹೇಳದಿದ್ದರೆ ೧೦ ಸೆಕೆಂಡಿಗೊಮ್ಮೆ ಪರೀಕ್ಷೆ ನಡೆದು, ೩ ಸಲ ಸತತವಾಗಿ ತಪ್ಪಿದಾಗ ನಿರ್ಣಯವಾಗುತ್ತದೆ. ಈ ಎರಡನ್ನು ಬೆರಸಿದರೆ ಅನರ್ಥ. ಫಲಿತಾಂಶದ ದಿನ ದತ್ತಾಂಶಸಂಗ್ರಹವು ಭಾರದಿಂದ ನಿಧಾನವಾಯಿತೆನ್ನೋಣ. ‘ಬದುಕಿದೆಯೇ?’ ಎಂಬ ಪರೀಕ್ಷೆಯನ್ನು ಆ ಸಂಗ್ರಹದ ಉತ್ತರಕ್ಕೆ ಗಂಟುಹಾಕಿದ್ದರೆ, ಆರೋಗ್ಯವಾಗಿರುವ ಎಂಟು ಪ್ರತಿಗಳೂ ಒಟ್ಟಿಗೆ ಮರಣದಂಡನೆಗೆ ಗುರಿಯಾಗುತ್ತವೆ. ವ್ಯವಸ್ಥೆ ವಿಧೇಯವಾಗಿಯೇ ವರ್ತಿಸಿದೆ, ತಪ್ಪು ಬರೆದವನದು.

ಮೂರನೆಯದು ಬದಲಾವಣೆಯ ಕ್ರಮ. ಹೊಸ ಆವೃತ್ತಿಯನ್ನು ತರುವಾಗ ಶೇಕಡ ೨೫ರಷ್ಟು ಹೆಚ್ಚುವರಿ ಪ್ರತಿಗಳಿಗೂ ಶೇಕಡ ೨೫ರಷ್ಟು ಕೊರತೆಗೂ ಅವಕಾಶವಿರುವುದು ವಾಡಿಕೆ. ಅಂದರೆ ಎಂಟು ಪ್ರತಿಗಳ ಸೇವೆಯಲ್ಲಿ ಯಾವ ಗಳಿಗೆಯಲ್ಲಿಯೂ ೧೦ಕ್ಕಿಂತ ಹೆಚ್ಚು ಇರವು, ೬ಕ್ಕಿಂತ ಕಡಮೆ ಲಭ್ಯವಿರವು. ಗುಪ್ತಪದಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ: ಕುಬರ್ನೆಟೀಸಿನ ಸೀಕ್ರೆಟ್ ಎಂಬ ದಾಖಲೆಯಲ್ಲಿ ಅವು ಬೇಸ್-೬೪ ರೂಪದಲ್ಲಿರುತ್ತವೆ. ಅದು ಲಿಪ್ಯಂತರ ಮಾತ್ರ, ಗೂಢಲಿಪಿಯಲ್ಲ. ಯಾರು ಬೇಕಾದರೂ ಓದಬಹುದು.

ಕೊನೆಯದು ಲೇಬಲ್, ಅಂದರೆ ಹೆಸರಿನ ಚೀಟಿ. ಪಾಡುಗಳ ವಿಳಾಸ ಅಸ್ಥಿರವಾದುದರಿಂದ, ಕೋರಿಕೆಗಳನ್ನು ಯಾರಿಗೆ ತಲಪಿಸಬೇಕೆಂಬುದನ್ನು ವಿಳಾಸದಿಂದಲ್ಲ, ‘ಇಂಥ ಚೀಟಿಯುಳ್ಳವೆಲ್ಲ’ ಎಂಬ ವಿವರಣೆಯಿಂದ ಗುರುತಿಸಲಾಗುತ್ತದೆ. ಇದು ಈ ವ್ಯವಸ್ಥೆಯ ಅತ್ಯಂತ ಸೊಗಸಾದ ಅಂಗ. ಇದೇ ಅದರ ಅತ್ಯಂತ ಅಪಾಯಕರ ಅಂಗವೂ ಹೌದೆಂಬುದಕ್ಕೆ ಮುಂದಿನ ಪ್ರಸಂಗ ಸಾಕ್ಷಿ.

೫. ಒಂದು ಹೆಸರು ಅಳಿದ ಪ್ರಸಂಗ

ಅಮೆರಿಕದ ರೆಡಿಟ್ ಎಂಬ ಚರ್ಚಾತಾಣ ೨೦೨೩ರ ಮಾರ್ಚ್ ೧೪ರಂದು ೩೧೪ ನಿಮಿಷಗಳ ಕಾಲ ಸ್ಥಗಿತಗೊಂಡಿತು. ಗಣಿತಪ್ರಿಯರು ಆ ದಿನವನ್ನು ‘ಪೈ’ ದಿನವೆಂದು ಆಚರಿಸುವುದುಂಟು. ನಿಮಿಷಗಳ ಸಂಖ್ಯೆಯೂ ಅದಕ್ಕೇ ಹೊಂದಿಕೊಂಡುದು ವಿಧಿಯ ವಿನೋದ. ಆ ಸಂಸ್ಥೆಯ ತಂತ್ರಜ್ಞರು ಕಾರಣವನ್ನು ಮರೆಮಾಚದೆ ಪ್ರಕಟಿಸಿದುದರಿಂದ ಇದು ಅಧ್ಯಯನಯೋಗ್ಯವಾಗಿದೆ.

ಅಂದು ಅವರು ಒಂದು ಕ್ಲಸ್ಟರನ್ನು ಕುಬರ್ನೆಟೀಸಿನ ೧.೨೩ರಿಂದ ೧.೨೪ನೆಯ ಆವೃತ್ತಿಗೆ ಏರಿಸಿದರು. ಆ ಕ್ಲಸ್ಟರಿನ ಜಾಲವ್ಯವಸ್ಥೆಯಲ್ಲಿ ಮಾರ್ಗಪ್ರತಿಫಲಕಗಳೆಂಬ ಕೆಲವು ಮಧ್ಯಸ್ಥ ಯಂತ್ರಗಳಿದ್ದವು. ಇವುಗಳ ಅಗತ್ಯ ಸರಳ ಗಣಿತದಿಂದ ವಿದಿತವಾಗುತ್ತದೆ: ಪ್ರತಿಯೊಂದು ಯಂತ್ರವೂ ಉಳಿದ ಪ್ರತಿಯೊಂದರೊಡನೆ ಮಾರ್ಗಗಳ ವಿಷಯ ಮಾತನಾಡಬೇಕಾದರೆ ೧೦೦ ಯಂತ್ರಗಳಿಗೆ ೪,೯೫೦ ಸಂಬಂಧಗಳೂ ೧,೦೦೦ ಯಂತ್ರಗಳಿಗೆ ೪,೯೯,೫೦೦ ಸಂಬಂಧಗಳೂ ಬೇಕು. ಎಲ್ಲರೂ ಕೆಲವರೇ ಮಧ್ಯಸ್ಥರೊಡನೆ ಮಾತನಾಡಿದರೆ ಈ ಹೊರೆ ಇಳಿಯುತ್ತದೆ. ಆ ಮಧ್ಯಸ್ಥರು ಯಾರೆಂಬುದನ್ನು ‘ಮಾಸ್ಟರ್ ಎಂಬ ಚೀಟಿಯುಳ್ಳ ಯಂತ್ರಗಳು’ ಎಂದು ಬರೆದಿಡಲಾಗಿತ್ತು.

ಕುಬರ್ನೆಟೀಸಿನವರು ೧.೨೦ನೆಯ ಆವೃತ್ತಿಯಲ್ಲಿ ‘ಮಾಸ್ಟರ್’ ಎಂಬ ಹೆಸರಿನ ಜೊತೆಗೆ ‘ಕಂಟ್ರೋಲ್ ಪ್ಲೇನ್’ ಎಂಬ ಹೊಸ ಹೆಸರನ್ನು ತಂದಿದ್ದರು, ೧.೨೪ರಲ್ಲಿ ಹಳೆಯ ಚೀಟಿಯನ್ನು ತೆಗೆದುಹಾಕಿದರು. ಯಂತ್ರಗಳು ಇದ್ದಲ್ಲೇ ಇದ್ದವು, ಹೆಸರು ಮಾತ್ರ ಹೋಯಿತು. ಹಳೆಯ ವಿವರಣೆಗೆ ಹೊಂದುವ ಯಂತ್ರ ಒಂದೂ ಉಳಿಯದೆ ಮಧ್ಯಸ್ಥರ ಗಣ ಶೂನ್ಯಗಣವಾಯಿತು. ಶೂನ್ಯಗಣ ದೋಷವಲ್ಲ; ಗಣಿತದಲ್ಲಿಯಂತೆ ಇಲ್ಲಿಯೂ ಅದು ನ್ಯಾಯಸಮ್ಮತವಾದ ಉತ್ತರವೇ. ಆದಕಾರಣ ಯಾವ ಆಕ್ಷೇಪಣೆಯೂ ಏಳಲಿಲ್ಲ. ಜಾಲ ಮಾತ್ರ ಮೌನವಾಗಿ ಕುಸಿಯಿತು. ಹಿಂದಿನ ಆವೃತ್ತಿಗೆ ಇಳಿಯುವ ಅಧಿಕೃತ ಮಾರ್ಗವಿಲ್ಲದ್ದರಿಂದ ತಂತ್ರಜ್ಞರು ಕಾಪಿಟ್ಟ ಪ್ರತಿಯಿಂದ ಹಳೆಯ ಸ್ಥಿತಿಯನ್ನು ಪುನಃ ಸ್ಥಾಪಿಸಬೇಕಾಯಿತು. ಮೂಲಕಾರಣ ಗೋಚರವಾದುದು ಆ ಬಳಿಕ. ಆ ಮಧ್ಯಸ್ಥರನ್ನು ವರ್ಷಗಳ ಹಿಂದೆ ಏರ್ಪಡಿಸಿದ್ದವರು ಅಷ್ಟರಲ್ಲಿ ಬೇರೆ ಬೇರೆ ಕಡೆಗೆ ಹೋಗಿದ್ದರು. ಬರೆಹ ಉಳಿದಿತ್ತು, ಅದರ ಅರ್ಥ ಬಲ್ಲವರು ಉಳಿದಿರಲಿಲ್ಲ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕರ್ಣಧಾರನು ವಾಸ್ತವವನ್ನು ಇಷ್ಟಕ್ಕೆ ತರಬಲ್ಲನು. ಇಷ್ಟವು ಸರಿಯೇ ತಪ್ಪೇ ಎಂದು ವಿಚಾರಿಸಲಾರನು. ಸರಿಯಾದ ಬರೆಹವನ್ನು ಎಷ್ಟು ನಿಷ್ಠೆಯಿಂದ ನಡೆಸುವನೋ ತಪ್ಪಾದುದನ್ನೂ, ಅರ್ಥ ಕಳೆದುಕೊಂಡುದನ್ನೂ ಅಷ್ಟೇ ನಿಷ್ಠೆಯಿಂದ ನಡೆಸುವನು. ಯಂತ್ರಗಳನ್ನು ಕಾಯುವ ಕೆಲಸ ನಿರ್ವಾಹಕನಿಂದ ದೂರವಾಯಿತು; ಬರೆಹವನ್ನು ಕಾಯುವ ಕೆಲಸ ಅವನ ಪಾಲಿಗೆ ಬಂದಿತು.

ಆದುದರಿಂದ ಬೋಧಕರು ಈ ವಿಷಯವನ್ನು ಕಲಿಸುವಾಗ ಮೂರು ಅಭ್ಯಾಸಗಳನ್ನು ಆರಂಭದಿಂದಲೇ ರೂಢಿಸುವುದು ಮೇಲು. ಇಷ್ಟಸ್ಥಿತಿಯ ಕಡತಗಳೆಲ್ಲವನ್ನೂ ಬದಲಾವಣೆಗಳ ಇತಿಹಾಸ ಉಳಿಯುವ ಒಂದೇ ಭಂಡಾರದಲ್ಲಿ ಇಡುವುದು. ಪ್ರತಿಯೊಂದು ಚೀಟಿಯನ್ನು ಯಾರು ಯಾವುದಕ್ಕಾಗಿ ಅವಲಂಬಿಸಿದ್ದಾರೆಂದು ಪಕ್ಕದಲ್ಲೇ ಬರೆಯುವುದು. ಆವೃತ್ತಿಯನ್ನು ಏರಿಸುವ ಮುನ್ನ, ಮುಖ್ಯ ಕ್ಲಸ್ಟರಿನಂತೆಯೇ ಇರುವ ಇನ್ನೊಂದರಲ್ಲಿ ಪ್ರಯೋಗಿಸಿ, ಕಾಪಿಟ್ಟ ಪ್ರತಿಯಿಂದ ಹಿಂದಿರುಗುವುದನ್ನೂ ಮಾಡಿನೋಡುವುದು. ಇವುಗಳಲ್ಲಿ ಯಾವುದಕ್ಕೂ ವಿಶೇಷ ಪಾಂಡಿತ್ಯ ಬೇಕಿಲ್ಲ. ತನ್ನ ಬಳಿಕ ಬರುವವನಿಗೆ ಅರ್ಥವಾಗುವಂತೆ ಬರೆಯಬೇಕೆಂಬ ಶ್ರದ್ಧೆ ಇದ್ದರೆ ಸಾಕು.