ಮರುಭೂಮಿಗೂ ಬೆಂಕಿ ಹಬ್ಬಿಸುವ ಕಳೆ: ರೆಡ್ ಬ್ರೋಮ್ ಹುಲ್ಲು

ಮರುಭೂಮಿಯಲ್ಲಿ ಕಾಡ್ಗಿಚ್ಚು ಅಂದ್ರೆ ನಂಬೋದು ಕಷ್ಟ. ಸುಡೋಕೆ ಅಲ್ಲಿ ಏನಿರುತ್ತೆ? ಆದರೆ 2020ರ ಆಗಸ್ಟ್‌ನಲ್ಲಿ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ 43,000 ಎಕರೆಗೂ ಹೆಚ್ಚು ಜಾಗವನ್ನು ಸುಟ್ಟಿತು. ಸತ್ತ ಜೋಶುವಾ ಮರಗಳು ಅಂದಾಜು 13 ಲಕ್ಷ. ನಮ್ಮ ಬೇಲಿಯ ಕತ್ತಾಳೆಗೆ ದೂರದ ನೆಂಟ ಈ ಮರ, ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತೆ.

ಆ ಮರುಭೂಮಿಯಲ್ಲಿ ಬೆಂಕಿಗೆ ದಾರಿ ಮಾಡಿಕೊಡುವ ಕಳೆಗಳಲ್ಲಿ ಮುಖ್ಯವಾದದ್ದು ರೆಡ್ ಬ್ರೋಮ್ (ಬ್ರೋಮಸ್ ರೂಬೆನ್ಸ್). ಮೊಣಕಾಲುದ್ದವೂ ಬರದ ವಾರ್ಷಿಕ ಹುಲ್ಲು, ತೆನೆ ಕೆಂಪು-ನೇರಳೆ. ಮೂಲ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು. 19ನೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾ ಸೇರಿತು.

ಮೊಹಾವಿಯಲ್ಲಿ ಪೊದೆಗೂ ಪೊದೆಗೂ ನಡುವೆ ಬರೀ ನೆಲ. ಹಾಗಾಗಿ ಒಂದು ಪೊದೆ ಹೊತ್ತಿದರೂ ಬೆಂಕಿ ಅಲ್ಲೇ ಆರುತ್ತಿತ್ತು. ಬ್ರೋಮ್ ಆ ಖಾಲಿ ಜಾಗವನ್ನೇ ತುಂಬಿತು. ಚಳಿಗಾಲದ ಮಳೆಗೆ ಹುಟ್ಟಿ, ಬೇಸಿಗೆ ಹೊತ್ತಿಗೆ ಬೀಜ ಉದುರಿಸಿ ಸಾಯುತ್ತೆ. ಸತ್ತ ಮೇಲೂ ಒಣ ಕಡ್ಡಿ ತಿಂಗಳುಗಟ್ಟಲೆ ನಿಂತೇ ಇರುತ್ತೆ. ಮಳೆ ಚೆನ್ನಾಗಿ ಬಿದ್ದ ವರ್ಷದ ಮುಂದಿನ ಬೇಸಿಗೆಯೇ ಅಲ್ಲಿ ಭಯ. ಸುಟ್ಟ ಜಾಗದಲ್ಲಿ ಮರಕ್ಕಿಂತ ಮೊದಲು ಬರೋದೂ ಈ ಹುಲ್ಲೇ. ಎಳೆಯದಿದ್ದಾಗ ದನ ಮೇಯುತ್ತೆ ನಿಜ, ಒಣಗಿದ ಮೇಲೆ ತೆನೆಯ ಮುಳ್ಳು ಅದರ ಬಾಯಿಗೆ, ಕಣ್ಣಿಗೆ ಚುಚ್ಚುತ್ತೆ.

ಇನ್ನೊಂದು ವಿಷಯ ಗಮನಿಸಿ. ವಾಹನಗಳ ಹೊಗೆಯಿಂದ ಬರುವ ಸಾರಜನಕ ಮಣ್ಣಿಗೆ ಬಿದ್ದ ಕಡೆ ಈ ಹುಲ್ಲು ಇನ್ನೂ ಸೊಕ್ಕುತ್ತೆ. ಕಳೆ ತೆಗೆಯದೆ ಯೂರಿಯಾ ಎರಚುವವರು ಇದನ್ನ ಒಮ್ಮೆ ಯೋಚಿಸಲಿ.

ಇಷ್ಟೆಲ್ಲ ಜೋರಿದ್ದರೂ ಬ್ರೋಮ್‌ಗೆ ಒಂದು ದೊಡ್ಡ ದೌರ್ಬಲ್ಯ ಇದೆ. ಅದರ ಬೀಜ ಮಣ್ಣಲ್ಲಿ ಹೆಚ್ಚು ಕಾಲ ಬದುಕಲ್ಲ, ಎರಡು-ಮೂರು ವರ್ಷ ಅಷ್ಟೇ. ಒಂದು ಒಳ್ಳೆ ಮಳೆಗೆ ಬಹುಪಾಲು ಬೀಜ ಒಟ್ಟಿಗೇ ಮೊಳೆತುಬಿಡುತ್ತೆ. ಆಮೇಲೆ ಮಳೆ ಕೈಕೊಟ್ಟರೆ ಬೀಜ ಕಟ್ಟೋ ಮೊದಲೇ ಒಣಗುತ್ತೆ, ಮುಂದಿನ ವರ್ಷಕ್ಕೆ ಮಣ್ಣಲ್ಲಿ ದಾಸ್ತಾನು ಇರಲ್ಲ. ಬರ ಬಂದಾಗ ಈ ಹುಲ್ಲಿನ ಸಂಖ್ಯೆ ಧುತ್ತನೆ ಕುಸಿಯೋದು ಇದಕ್ಕೇ.

ಬರ ಮಾಡುವ ಈ ಕೆಲಸವನ್ನ ನಮ್ಮ ಹೊಲದ ವಾರ್ಷಿಕ ಕಳೆಗಳಿಗೆ ನಾವೇ ಮಾಡಬಹುದು. ಬಿತ್ತನೆಗೆ ಎರಡು ವಾರ ಮೊದಲು ನೀರು ಹಾಯಿಸಿ, ಅಥವಾ ಮೊದಲ ಮಳೆಗೆ ಕಾಯಿರಿ. ಕಳೆ ಮೊಳೆತು ಎರಡು ಎಲೆ ಬಿಟ್ಟಾಗ ಮೇಲ್ಮೇಲೆ ಕುಂಟೆ ಹೊಡೆಯಿರಿ. ಆಳವಾಗಿ ಉಳುಮೆ ಮಾಡಿದರೆ ಕೆಳಗಿನ ಹೊಸ ಬೀಜ ಮೇಲೆ ಬರುತ್ತೆ, ಕೆಲಸ ಕೆಡುತ್ತೆ. ಪಾರ್ಥೇನಿಯಂ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಇರೋದರಿಂದ ಅದಕ್ಕೆ ತಾಳ್ಮೆ ಜಾಸ್ತಿ ಬೇಕು. ಜೇಕು, ಗರಿಕೆಗೆ ಈ ಉಪಾಯ ನಡೆಯಲ್ಲ. ಅವು ಗೆಡ್ಡೆ, ಬೇರುಕಾಂಡದಿಂದಲೇ ಮತ್ತೆ ಚಿಗುರುತ್ತವೆ.