ಗ್ಲೂಕೋಸ್ ಬಾಟಲಿಯಲ್ಲಿ ಕಾಣದ ಕಣಗಳು

ಜ್ವರ ಬಂದು ಸುಸ್ತಾದರೆ ‘ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ’ ಎಂದು ನಾವೇ ಕೇಳುವುದುಂಟು. ಅದರಲ್ಲಿರುವುದು ಬರೀ ನೀರು, ಸಕ್ಕರೆ ಎಂಬುದು ನಮ್ಮ ನಂಬಿಕೆ. ಆದರೆ ಕಣ್ಣಿಗೆ ಕಾಣದ ರಬ್ಬರ್, ಗಾಜು, ಪ್ಲಾಸ್ಟಿಕ್ ಚೂರುಗಳೂ ಇರಬಹುದು.

ಅನ್ನದಲ್ಲಿ ಕಲ್ಲು ಸಿಕ್ಕರೆ ಉಗಿಯಬಹುದು, ರಕ್ತಕ್ಕೆ ಸೇರಿದ್ದನ್ನು ಉಗಿಯಲಾಗದು. ಕೈಯ ನರಕ್ಕೆ ಹೋದ ಕಣ ಹೃದಯ ದಾಟಿ ಶ್ವಾಸಕೋಶ ತಲುಪುತ್ತದೆ. ಅಲ್ಲಿನ ಅತಿ ಸಣ್ಣ ರಕ್ತನಾಳಗಳ ಅಗಲ ಸುಮಾರು 5ರಿಂದ 10 ಮೈಕ್ರಾನ್. ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ! ದಪ್ಪ ಕಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಗಾರ್ವನ್ ಮತ್ತು ಗನ್ನರ್ ಇಂಥ ದ್ರಾವಣವನ್ನು ಮೊಲಗಳಿಗೆ ಕೊಟ್ಟು ನೋಡಿದಾಗ, ಅವುಗಳ ಶ್ವಾಸಕೋಶದಲ್ಲಿ ಪುಟ್ಟ ಪುಟ್ಟ ಗಂಟುಗಳು ಕಂಡವು.

ಹಾಗಾದರೆ ಒಂದು ಕಣವೂ ಇರಬಾರದೇ? ಅಮೆರಿಕದ ಔಷಧ ಸಂಹಿತೆ ಯುಎಸ್‌ಪಿ ಪ್ರಕಾರ, ಬೆಳಕಿನ ಕಿರಣದಿಂದ ಎಣಿಸಿದಾಗ 100 ಮಿ.ಲೀ.ಗಿಂತ ದೊಡ್ಡ ಬಾಟಲಿಯ ಪ್ರತಿ ಮಿ.ಲೀ.ನಲ್ಲಿ 10 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 25 ಮೀರಬಾರದು. ಲೆಕ್ಕ ಹಾಕಿ: ಅರ್ಧ ಲೀಟರಿಗೆ 12,500 ಕಣಗಳಿದ್ದರೂ ಬಾಟಲಿ ಪಾಸ್! ಸೊನ್ನೆ ಸಾಧ್ಯವಿಲ್ಲ, ಕಡಿಮೆ ಮಾಡುವುದಷ್ಟೇ ಸಾಧ್ಯ.

ಕಡಿಮೆ ಮಾಡುವುದು ಎಂಜಿನಿಯರಿಂಗ್ ಕೆಲಸ. ಪ್ಲಾಸ್ಟಿಕ್ ಕಾಳು ಕರಗಿಸಿ, ಊದಿ ಬಾಟಲಿ ಮಾಡಿ, ದ್ರಾವಣ ತುಂಬಿ, ಮುಚ್ಚುವ ಎಲ್ಲವನ್ನೂ ಒಂದೇ ಯಂತ್ರದಲ್ಲಿ ಮುಗಿಸುವ ವಿಧಾನವಿದೆ. ಖಾಲಿ ಬಾಟಲಿ ಹೊರಗಿನ ಗಾಳಿಗೆ ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ದೂಳು ಸೇರುವ ಅವಕಾಶ ಕಡಿಮೆ. ಅಚ್ಚು, ಗಾಳಿ ಸೋಸುವ ಫಿಲ್ಟರ್, ಕ್ಯಾಮೆರಾ ತಪಾಸಣೆ ಇವೆಲ್ಲ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುವವರ ವಿಷಯಗಳೇ. ಆದರೂ ಕೆಲಸ ಎಂದರೆ ಸಾಫ್ಟ್‌ವೇರ್ ಎನ್ನುವ ನಮಗೆ ಔಷಧ ಕಾರ್ಖಾನೆ ನೆನಪಾಗುವುದಿಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಎದ್ದಿತು. ಅಲ್ಲಿನ ಪ್ರಶ್ನೆ ಕಣಗಳದ್ದೇ ಎಂದಲ್ಲ. ಆದರೆ ಡ್ರಿಪ್ ಬಾಟಲಿಯ ಗುಣಮಟ್ಟದ ಮಾತು ಸಾವಿನ ನಂತರವೇ ಶುರುವಾಗಬೇಕೇ?

ಕಾರ್ಖಾನೆ ಸರಿಯಿದ್ದರಷ್ಟೇ ಸಾಲದು. ರಬ್ಬರ್ ಮುಚ್ಚಳಕ್ಕೆ ಪದೇ ಪದೇ ಸೂಜಿ ಚುಚ್ಚಿದರೂ ಚೂರು ಒಳಗೆ ಬೀಳಬಹುದು. ಮನೆಯವರಿಗೆ ಡ್ರಿಪ್ ಹಾಕುವ ಮುನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ತೋರಿಸುವಂತೆ ನರ್ಸ್ ಅವರನ್ನು ಕೇಳಿ. ತೇಲುವ ಚೂರು, ಮಬ್ಬು, ಸೋರಿಕೆ ಕಂಡರೆ ಬೇರೆ ಬಾಟಲಿ ಕೇಳಲು ಸಂಕೋಚ ಬೇಡ. ಕಾಣುವುದನ್ನು ನಾವು ತಡೆಯೋಣ. ಕಾಣದ್ದನ್ನು ತಡೆಯುವ ಕೆಲಸಕ್ಕೆ ನಮ್ಮಲ್ಲಿ ಕೆಲವರಾದರೂ ಹೋಗೋಣ.