ದುಗ್ಧನಾಳಗಳು ಹೊರುವ ಹೊಣೆ

ಸುಮಾರು 70 ಕಿಲೋ ತೂಕದ ವಯಸ್ಕ ಪುರುಷನ ದೇಹದಲ್ಲಿರುವ ಅಂದಾಜು 42 ಲೀಟರ್ ನೀರಿನಲ್ಲಿ ಮೂರನೆಯ ಎರಡು ಭಾಗ ಜೀವಕೋಶಗಳ ಒಳಗಿದ್ದು, ಉಳಿದದ್ದು ಬಹುಮಟ್ಟಿಗೆ ಕೋಶಗಳ ನಡುವಿನ ಎಡೆಗಳಲ್ಲಿಯೂ ರಕ್ತದಲ್ಲಿಯೂ ಹಂಚಿಹೋಗಿರುತ್ತದೆ. ಒಟ್ಟು ಪ್ರಮಾಣವನ್ನು ಬಾಯಾರಿಕೆ, ಮೂತ್ರಪಿಂಡ ಮತ್ತು ಹಾರ್ಮೋನುಗಳು ಕಾಯುತ್ತವೆಯಾದರೂ ಒಳಗಿನ ಹಂಚಿಕೆಯ ಬಗೆಯೇ ಬೇರೆ.

ಅತಿ ಸಪೂರವಾದ ಲೋಮನಾಳಗಳಲ್ಲಿ ರಕ್ತದೊತ್ತಡವು ದ್ರವವನ್ನು ಹೊರಕ್ಕೆ ತಳ್ಳಿದರೆ, ಆಲ್ಬುಮಿನ್ ಮೊದಲಾದ ಪ್ರೋಟೀನುಗಳು ಅದನ್ನು ಒಳಗೇ ಹಿಡಿದಿಡಲು ಎಳೆಯುತ್ತವೆ ಎಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದರು. ಸೋರಿದ ದ್ರವದ ಬಹುಪಾಲು ಲೋಮನಾಳಗಳಿಗೇ ಮರಳುತ್ತದೆಂದು ಪಠ್ಯಪುಸ್ತಕಗಳು ಬಹುಕಾಲ ಕಲಿಸಿದವು. ಆದರೆ ಹೆಚ್ಚಿನ ಅಂಗಾಂಶಗಳಲ್ಲಿ ಅದನ್ನು ರಕ್ತಕ್ಕೆ ಮರಳಿಸುವ ಹೊಣೆ ಮುಖ್ಯವಾಗಿ ದುಗ್ಧನಾಳಗಳದ್ದೆಂದು ಈಚಿನ ಸಂಶೋಧನೆಗಳು ತೋರಿಸಿವೆ, ಮತ್ತು ಈ ತಿದ್ದುಪಡಿ ಇನ್ನೂ ವ್ಯಾಪಕವಾಗಿ ತಿಳಿಯಬೇಕಾದದ್ದು. ಹೃದಯದಂಥ ಕೇಂದ್ರ ಪಂಪು ಇಲ್ಲದ ಈ ನಾಳಗಳು ತಮ್ಮ ಗೋಡೆಗಳ ಸಂಕೋಚನದಿಂದ, ನಡಿಗೆ ಮತ್ತು ಉಸಿರಾಟದ ಬಲದಿಂದ, ಹಿಮ್ಮುಖ ಹರಿವನ್ನು ತಡೆಯುವ ಕವಾಟಗಳ ನೆರವಿನಿಂದ ದುಗ್ಧರಸವೆನ್ನುವ ಈ ದ್ರವವನ್ನು ಮುಂದಕ್ಕೆ ಸಾಗಿಸಿ, ರೋಗಾಣುಗಳನ್ನು ಸೋಸುವ ದುಗ್ಧಗ್ರಂಥಿಗಳ ಮೂಲಕ ಹಾಯಿಸಿ, ಕೊರಳ ಬುಡದ ಅಭಿಧಮನಿಗಳಿಗೆ ಸೇರಿಸುತ್ತವೆ.

ಈ ದಾರಿ ಕೆಟ್ಟರೆ ಪ್ರೋಟೀನು ತುಂಬಿದ ದ್ರವ ಅಲ್ಲಿಯೇ ನಿಂತು ಊತವುಂಟಾಗುತ್ತದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಕೆಲವರ ತೋಳು ಊದಿಕೊಳ್ಳುವುದು ಹೀಗೆಯೇ. ಕರ್ನಾಟಕದ ಕರಾವಳಿಯಲ್ಲಿಯೂ ಕಲಬುರಗಿ ಸೀಮೆಯಲ್ಲಿಯೂ ಕಂಡುಬಂದಿರುವ ಆನೆಕಾಲು ರೋಗದಲ್ಲಿ, ಕೊಳಕು ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ಫೈಲೇರಿಯಾ ಹುಳುಗಳು ದುಗ್ಧನಾಳಗಳಲ್ಲಿ ನೆಲೆಸಿ ಅವುಗಳನ್ನು ಹಾಳುಗೆಡವುತ್ತವೆ. ಹೀಗೆ ಊದಿದ ಕಾಲಿಗೆ ಪದೇ ಪದೇ ತಗಲುವ ಸೋಂಕು ಊತವನ್ನು ಇನ್ನಷ್ಟು ಬೆಳೆಸುತ್ತದೆ. ಆದ್ದರಿಂದ ಅಂಥ ಕಾಲನ್ನು ನಿತ್ಯ ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿ, ಬೆರಳ ಸಂದಿಯ ಚಿಕ್ಕ ಗಾಯವನ್ನೂ ಕಡೆಗಣಿಸದಿರಬೇಕು. ಒಂದೇ ಕಾಲು ಅಥವಾ ತೋಳಿನ ಊತ ಇಳಿಯದೆ ಉಳಿದರೆ ಸಂಕೋಚಪಡದೆ ಬೇಗನೆ ವೈದ್ಯರಿಗೆ ತೋರಿಸಬೇಕು.